ಒಣಗುವ ಕಾಲಕ್ಕೂ ಬೆಲೆಯುಂಟು: ಎಣ್ಣೆ ಮೆರುಗಿನ ಕೈಕೆಲಸ ಮತ್ತು ವೆಚ್ಚ ನಿರ್ಧಾರ

ಕೈಕೆಲಸದ ಸರಕಿಗೆ ಬೆಲೆ ಕಟ್ಟುವಾಗ ಸಾಮಗ್ರಿ ಮತ್ತು ಕೂಲಿಯನ್ನಷ್ಟೇ ಪರಿಗಣಿಸುವ ರೂಢಿ ಸಣ್ಣ ಉದ್ದಿಮೆದಾರರಲ್ಲಿ ಕಂಡುಬರುತ್ತದೆ. ಸರಕು ಒಣಗಲು ಕಾಯುವ ಕಾಲಕ್ಕೂ ವೆಚ್ಚವಿದೆ. ಬಂದೂಕಿನ ಮರದ ಹಿಡಿಗೆ ಎಣ್ಣೆ ಮೆರುಗು ನೀಡುವ ಕೆಲಸ ಇದಕ್ಕೆ ಉತ್ತಮ ನಿದರ್ಶನ.

ಕೆಲಸದ ಕ್ರಮ

ಹಿಡಿಗೆ ಅಕ್ರೋಟ್ ಮರವು ಶ್ರೇಷ್ಠವೆಂದು ಪರಿಗಣಿತವಾಗಿದೆ. ಮರವನ್ನು ಅದರ ಎಳೆಯ ದಿಕ್ಕಿನಲ್ಲಿ 120, 220 ಮತ್ತು 400ನೇ ಸಂಖ್ಯೆಯ ಮರಳು ಕಾಗದಗಳಿಂದ ಅನುಕ್ರಮವಾಗಿ ಉಜ್ಜಬೇಕು. ಅನಂತರ ಒದ್ದೆ ಬಟ್ಟೆಯಿಂದ ಒರೆಸಿದರೆ ಸೂಕ್ಷ್ಮ ನಾರುಗಳು ಮೇಲೇಳುತ್ತವೆ. ಮರ ಒಣಗಿದ ಬಳಿಕ ಅವುಗಳನ್ನು ಮತ್ತೆ ಉಜ್ಜಿ ತೆಗೆಯಬೇಕು. ಮೊದಲ ಲೇಪಕ್ಕೆ ಟರ್ಪೆಂಟೈನ್ ಬೆರೆಸಿ ತೆಳುಗೊಳಿಸಿದ ಅಗಸೆ ಎಣ್ಣೆ ಸೂಕ್ತ. ಮುಂದಿನ ಲೇಪಗಳಲ್ಲಿ ಕೆಲವೇ ಹನಿ ಎಣ್ಣೆಯನ್ನು ಅಂಗೈಯಿಂದ ಬಿಸಿಯೇರುವಂತೆ ತಿಕ್ಕಿ, ಹೆಚ್ಚಾದುದನ್ನು ಒರೆಸಬೇಕು.

ಅಗಸೆ ಎಣ್ಣೆಯು ನೀರಿನಂತೆ ಆವಿಯಾಗಿ ಒಣಗದೆ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹಸಿ ಎಣ್ಣೆಗೆ ಹಲವು ದಿನಗಳು, 'ಬಾಯ್ಲ್ಡ್' ಎಣ್ಣೆಗೆ ಸುಮಾರು ಒಂದು ದಿನ ಬೇಕು. ಅವಸರದಿಂದ ದಪ್ಪನಾಗಿ ಬಳಿದರೆ ಮೇಲ್ಮೈ ಅಂಟಂಟಾಗಿ ಉಳಿದು, ಮಾಡಿದ ಕೆಲಸ ವ್ಯರ್ಥವಾಗುತ್ತದೆ.

ವೆಚ್ಚದ ಲೆಕ್ಕ

ಊಹಾತ್ಮಕ ಉದಾಹರಣೆಯೊಂದನ್ನು ನೋಡಬಹುದು. ಉಜ್ಜುವಿಕೆಗೆ 4 ಗಂಟೆ, 10 ಲೇಪಗಳಿಗೆ ತಲಾ 15 ನಿಮಿಷ; ಒಟ್ಟು ಆರೂವರೆ ಗಂಟೆ. ಗಂಟೆಗೆ ರೂ. 120ರಂತೆ ಕೂಲಿ ರೂ. 780. ಎಣ್ಣೆ, ಕಾಗದಗಳಿಗೆ ರೂ. 150. ಇಲ್ಲಿಗೆ ರೂ. 930. ಆದರೆ ಹಿಡಿಯು 15 ದಿನ ಒಣಗುವ ಕೋಣೆಯಲ್ಲಿರುತ್ತದೆ. ತಿಂಗಳಿಗೆ ರೂ. 6,000 ಬಾಡಿಗೆಯ ಆ ಕೋಣೆಯಲ್ಲಿ ಏಕಕಾಲಕ್ಕೆ 20 ಹಿಡಿಗಳಿಗೆ ಸ್ಥಳವಿದ್ದರೆ, ತಿಂಗಳಿಗೆ 40 ಹಿಡಿಗಳಾಗುತ್ತವೆ, ಪ್ರತಿಯೊಂದಕ್ಕೆ ರೂ. 150. ನಿಜವಾದ ವೆಚ್ಚ ರೂ. 1,080. ರೂ. 1,000ಕ್ಕೆ ಕೆಲಸ ಒಪ್ಪಿಕೊಂಡವರು ರೂ. 70 ಲಾಭವೆಂದು ಭಾವಿಸಿದರೂ ವಾಸ್ತವವಾಗಿ ರೂ. 80 ನಷ್ಟದಲ್ಲಿರುತ್ತಾರೆ.

ಲೇಖಾ ಮಾನದಂಡ 2ರ ಪ್ರಕಾರ ಸಂಗ್ರಹಣಾ ವೆಚ್ಚವು ಸಾಮಾನ್ಯವಾಗಿ ದಾಸ್ತಾನಿನ ಮೌಲ್ಯಕ್ಕೆ ಸೇರುವುದಿಲ್ಲ. ಆದರೆ ಮುಂದಿನ ಉತ್ಪಾದನಾ ಹಂತಕ್ಕೆ ಮುನ್ನ ಅಂತಹ ಸಂಗ್ರಹಣೆ ಅನಿವಾರ್ಯವಾಗಿದ್ದರೆ ಸೇರುತ್ತದೆ. ಲೇಪಗಳ ನಡುವಣ ಒಣಗುವಿಕೆ ಈ ಬಗೆಯದು. ಆದ್ದರಿಂದ ಮಾರ್ಚ್ 31ರಂದು ಅರೆ ಮುಗಿದ ಹಿಡಿಗಳ ಮೌಲ್ಯದಲ್ಲಿ ಆವರೆಗಿನ ಕೋಣೆಯ ವೆಚ್ಚವನ್ನೂ ಸೇರಿಸತಕ್ಕದ್ದು. ಮಾರಾಟದಿಂದ ದೊರೆಯಬಹುದಾದ ನಿವ್ವಳ ಮೌಲ್ಯ ಅದಕ್ಕಿಂತ ಕಡಿಮೆಯಿದ್ದರೆ ಆ ಮೌಲ್ಯವನ್ನೇ ತೋರಿಸಬೇಕು.

ಎರಡು ಎಚ್ಚರಿಕೆಗಳು

ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ ಒಳಗಿನ ಶಾಖ ಹೆಚ್ಚಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಅವುಗಳನ್ನು ಹೊರಗೆ ಹರಡಿ ಒಣಗಿಸಬೇಕು ಇಲ್ಲವೆ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು. ಎರಡನೆಯದಾಗಿ, ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಹೊಂದಲು ಇರುವ ವಿನಾಯಿತಿಯು ವ್ಯವಹಾರಕ್ಕೆ ಅನ್ವಯಿಸದು. ತಯಾರಿಕೆ ಮತ್ತು ದುರಸ್ತಿಯ ಉದ್ಯಮಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಅಗತ್ಯ.

ಪೀಠೋಪಕರಣವಿರಲಿ, ಆಟಿಕೆಯಿರಲಿ, ಎಣ್ಣೆ ಮೆರುಗಿನ ಪ್ರತಿಯೊಂದು ಸರಕಿಗೂ ವೆಚ್ಚದ ಈ ಲೆಕ್ಕ ಸಲ್ಲುತ್ತದೆ. ದರಪಟ್ಟಿ ನೀಡುವ ಮುನ್ನ ಉದ್ದಿಮೆದಾರರು ಒಣಗುವ ದಿನಗಳನ್ನೂ ಎಣಿಸುವುದು ಕ್ಷೇಮಕರ.