ಆಟಿಸಂ ಇರುವ ಮಗುವಿನ ಪ್ರಮಾಣಪತ್ರ: ಕಾರವಾರವೊಂದೇ ದಾರಿಯಲ್ಲ

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ತಾಲ್ಲೂಕುಗಳ ಜನರಿಗೆ ಜಿಲ್ಲಾ ಕೇಂದ್ರವೆಂದರೆ ಘಟ್ಟ ಇಳಿದು ಹೋಗಬೇಕಾದ ಕಾರವಾರ. ಆದರೆ ಕಾಯಿಲೆ ಕಸಾಲೆ ಎಂದರೆ ಅವರು ಬಸ್ಸು ಹತ್ತುವುದು ಧಾರವಾಡ, ಹುಬ್ಬಳ್ಳಿಗೆ. ಜೊಯಿಡಾ ತಾಲ್ಲೂಕಿನ ರಾಮನಗರದ ಕಡೆಯವರಾದರೆ ಬೆಳಗಾವಿಗೆ. ಕಚೇರಿ ಒಂದು ದಿಕ್ಕಿಗೆ, ಆಸ್ಪತ್ರೆ ಇನ್ನೊಂದು ದಿಕ್ಕಿಗೆ. ಆಟಿಸಂ ಇರುವ ಮಗುವಿನ ತಂದೆತಾಯಿಗೆ ಇದರ ಬಿಸಿ ಹೆಚ್ಚು ತಟ್ಟುತ್ತದೆ. ಬಸ್ಸಿನ ಗದ್ದಲ, ಉದ್ದದ ಪಾಳಿ, ಗುರುತಿಲ್ಲದ ಕೋಣೆ ಇವು ಅನೇಕ ಮಕ್ಕಳಿಗೆ ಸಹಿಸಲಾಗದ ಸಂಗತಿಗಳು. 'ಇವತ್ತು ಡಾಕ್ಟರ್ ಇಲ್ಲ, ಮುಂದಿನ ವಾರ ಬನ್ನಿ' ಎಂದು ಒಮ್ಮೆ ಕೇಳಿಸಿಕೊಂಡ ಮೇಲೆ ಎಷ್ಟೋ ಮನೆಯವರು ಆ ಗೊಡವೆಯನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಈ ತೊಡಕಿಗೆ ಕಾನೂನಿನಲ್ಲೇ ಒಂದು ದಾರಿ ಇದೆ.

1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು; ಆಟಿಸಂ ಅದರಲ್ಲಿರಲಿಲ್ಲ. 2016ರಲ್ಲಿ ಸಂಸತ್ತು ಅಂಗೀಕರಿಸಿ, 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ ಆಟಿಸಂ ಅನ್ನು ಸೇರಿಸಿತು. ಆದ್ದರಿಂದ 'ಕೈಕಾಲು ಸರಿ ಇದೆಯಲ್ಲ, ಇವನಿಗೆ ಯಾಕೆ ಅಂಗವಿಕಲರ ಸರ್ಟಿಫಿಕೇಟು?' ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾಗಿಲ್ಲ. ಆ ಪ್ರಶ್ನೆಯ ಕಾಲ ಮುಗಿದಿದೆ.

ಇನ್ನು ದಾರಿಯ ವಿಷಯ. ಈ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳ 17ನೇ ನಿಯಮ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಎರಡು ಕಡೆ ಅವಕಾಶ ಕೊಟ್ಟಿದೆ. ಒಂದು, ನೀವು ವಾಸಿಸುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರ. ಇನ್ನೊಂದು, ಅದೇ ತೊಂದರೆಗಾಗಿ ಮಗು ಚಿಕಿತ್ಸೆ ಪಡೆಯುತ್ತಿರುವ ಅಥವಾ ಹಿಂದೆ ಪಡೆದ ಸರ್ಕಾರಿ ಆಸ್ಪತ್ರೆಯ ಪ್ರಾಧಿಕಾರ. ಈ ಎರಡನೆಯದು ನಮ್ಮ ಭಾಗದವರಿಗೆ ಬಹಳ ಮುಖ್ಯ. ಧಾರವಾಡದ ಡಿಮ್ಹಾನ್ಸ್, ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಎರಡೂ ಸರ್ಕಾರಿ ಸಂಸ್ಥೆಗಳು. ಮಗುವನ್ನು ಅಲ್ಲಿ ತೋರಿಸುತ್ತಿದ್ದರೆ ಮೊದಲ ದಿನದ ಹೊರರೋಗಿ ಚೀಟಿಯಿಂದ ಹಿಡಿದು ಪ್ರತಿಯೊಂದು ಕಾಗದವನ್ನೂ ಒಂದೇ ಫೈಲಿನಲ್ಲಿ ಜೋಪಾನ ಮಾಡಿ. 'ನಿಮ್ಮದು ಬೇರೆ ಜಿಲ್ಲೆ' ಎಂದು ಹೇಳುವವರ ಮುಂದೆ ಇಡಬೇಕಾದ್ದು ಆ ಚೀಟಿ ಮತ್ತು ಈ ನಿಯಮದ ಸಂಖ್ಯೆ. ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ, ಅಂದರೆ ಯುಡಿಐಡಿ ಕಾರ್ಡಿನ ತಾಣದಲ್ಲಿ. ಅಲ್ಲಿ ಆಸ್ಪತ್ರೆ ಆರಿಸುವ ಜಾಗವಿದೆ. ಸೈಬರ್ ಅಂಗಡಿಯವರು ಅಭ್ಯಾಸಬಲದಿಂದ ಸ್ವಂತ ಜಿಲ್ಲೆಯನ್ನೇ ಒತ್ತಿಬಿಡಬಹುದು. ಪಕ್ಕದಲ್ಲಿ ಕುಳಿತು ನೋಡಿಕೊಳ್ಳಿ. ಮಗುವಿನ ಆಧಾರ್, ಭಾವಚಿತ್ರ, ವಾಸದ ದಾಖಲೆ, ವೈದ್ಯರ ಕಾಗದಗಳು ಕೈಯಲ್ಲಿರಲಿ. ಮಗು ಅಪ್ರಾಪ್ತ ವಯಸ್ಸಿನದಾದ್ದರಿಂದ ಪಾಲಕರೇ ಅರ್ಜಿದಾರರು.

ನೆಟ್‌ವರ್ಕ್ ಸಿಗದ ಜೊಯಿಡಾದ ಹಳ್ಳಿಗಳಲ್ಲಿ ಪೋರ್ಟಲ್ ಎಂದರೆ ನಗು ಬರಬಹುದು. ಅಲ್ಲಿ ಕೇಳಬೇಕಾದವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ವಿಆರ್‌ಡಬ್ಲ್ಯೂ. ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಎಂಆರ್‌ಡಬ್ಲ್ಯೂ ಇರುತ್ತಾರೆ. ಅರ್ಜಿ ತುಂಬಿಸುವುದು, ತಪಾಸಣಾ ಶಿಬಿರದ ದಿನ ತಿಳಿಸುವುದು ಇವರ ಕೆಲಸ, ಉಪಕಾರವೇನಲ್ಲ.

ತಪಾಸಣೆಯ ದಿನದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಬಳಸುವುದು ಐಎಸ್‌ಎಎ ಎಂಬ ಮಾಪನ. ಅದರಲ್ಲಿ 40 ಅಂಶಗಳಿವೆ: ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ, ಇತರ ಮಕ್ಕಳ ಜೊತೆ ಬೆರೆಯುತ್ತದೆಯೇ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆಯೇ, ಸದ್ದಿಗೆ ಬೆಚ್ಚುತ್ತದೆಯೇ, ನೋವಾದರೆ ಅಳುತ್ತದೆಯೇ ಹೀಗೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅರ್ಧ ಗಂಟೆಯಲ್ಲಿ ಮಗುವನ್ನು ನೋಡಿ ಇವೆಲ್ಲ ತಿಳಿಯುವಂಥವಲ್ಲ, ಹಾಗಾಗಿ ತಾಯಿ ಹೇಳುವ ಮಾತಿನ ಮೇಲೆ ಬಹಳಷ್ಟು ನಿಂತಿದೆ. ನಾಲ್ಕು ಜನರೆದುರು ಮಗುವನ್ನು ಕಡಿಮೆ ಮಾಡಿ ಹೇಳಲು ಮನಸ್ಸಾಗದೆ 'ಎಲ್ಲಾ ಮಾಡ್ತಾನ್ರೀ, ಮಾತು ಸ್ವಲ್ಪ ಕಮ್ಮಿ' ಎನ್ನುವ ತಾಯಂದಿರಿದ್ದಾರೆ. ಆ ಒಂದು ವಾಕ್ಯಕ್ಕೆ ಅಂಕ ಇಳಿಯುತ್ತದೆ. ಉತ್ಪ್ರೇಕ್ಷೆಯೂ ಬೇಡ, ಮೋಸದಿಂದ ಸೌಲಭ್ಯ ಪಡೆದರೆ 2016ರ ಕಾಯ್ದೆಯ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಊಟ, ಸ್ನಾನ, ನಿದ್ದೆ, ಹಟ, ಓಡಿಹೋಗುವುದು, ತನ್ನನ್ನು ತಾನೇ ಹೊಡೆದುಕೊಳ್ಳುವುದು ಇವನ್ನು ಮೊದಲೇ ಬರೆದಿಟ್ಟುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿ. ಫೋನಿನಲ್ಲಿ ನಾಲ್ಕಾರು ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಈ ತಾಲ್ಲೂಕುಗಳಿಗೆ ಇನ್ನೊಂದು ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕುಣಬಿ, ಗೌಳಿ, ಸಿದ್ದಿ ಮನೆಗಳಲ್ಲಿ ಕೊಂಕಣಿ, ಮರಾಠಿಯ ಒಳಭೇದಗಳನ್ನಾಡುತ್ತಾರೆ. ಕೆಲವು ಮನೆಗಳಲ್ಲಿ ಉರ್ದು. ಕನ್ನಡದಲ್ಲಿ ಕೇಳಿದ್ದಕ್ಕೆ ಮಗು ಉತ್ತರಿಸದಿದ್ದರೆ ಅದು ಆಟಿಸಂ ಕಾರಣಕ್ಕೋ, ಭಾಷೆ ತಿಳಿಯದ್ದಕ್ಕೋ ಎಂಬುದನ್ನು ವೈದ್ಯರು ಬೇರ್ಪಡಿಸಬೇಕಾಗುತ್ತದೆ. ಮನೆಯಲ್ಲಿ ಯಾವ ಮಾತು ಎಂಬುದನ್ನು ಮೊದಲೇ ತಿಳಿಸಿ, ಎರಡೂ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಮರುಪರೀಕ್ಷೆಯ ತಾರೀಕು ಅದರ ಮೇಲೇ ಇರುತ್ತದೆ. ಅದು ಮೀರಿದರೆ ಮಾಸಾಶನವೂ ನಿಲ್ಲಬಹುದು. ಒಮ್ಮೆ ಕೊಟ್ಟ ಪ್ರಮಾಣಪತ್ರ ದೇಶದ ಎಲ್ಲ ಕಡೆ ಸಲ್ಲುತ್ತದೆ.

ಮಾಸಾಶನ ಕಂದಾಯ ಇಲಾಖೆಯದು, ಅರ್ಜಿ ನಾಡಕಚೇರಿಯಲ್ಲಿ. ಪ್ರಮಾಣಪತ್ರದಲ್ಲಿ ಬರೆದ ವೈಕಲ್ಯ ಶೇಕಡಾ 40ರಿಂದ 75ರೊಳಗಿದ್ದರೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ತೀವ್ರ ಬೌದ್ಧಿಕ ವೈಕಲ್ಯಕ್ಕೆ ಮೊತ್ತ ಇನ್ನೂ ಹೆಚ್ಚು. ಆದರೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ತಿಂಗಳಿಗೆ 3,000 ದುಡಿಯುವ ಕೂಲಿಯವನೂ ಈ ಗೆರೆ ದಾಟುತ್ತಾನೆ. ಒಂದು ತಿಂಗಳ ಥೆರಪಿಗೂ ಸಾಲದ ಹಣಕ್ಕೆ ಇಂಥ ಮಿತಿ ಹಾಕಿರುವುದು ಅನ್ಯಾಯವೇ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ಮೇಲ್ಮನವಿಗೆ ಆಧಾರ ಅದೇ. ಮಂಜೂರಾದರೂ ಹಣ ಬಾರದಿದ್ದರೆ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ಆದಾಯ ಮಿತಿಯ ಕಾರಣಕ್ಕೆ ಮಾಸಾಶನ ಸಿಗದವರಿಗೂ ಉಳಿದ ದಾರಿಗಳಿವೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿಯ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ. ಬಿಪಿಎಲ್, ಎಪಿಎಲ್ ಇಬ್ಬರೂ ಸೇರಬಹುದು. ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ಕಳಿಸಬೇಕು, ಆದ್ದರಿಂದ ರಸೀದಿ ಇಲ್ಲದ ಥೆರಪಿಗೆ ಹಣ ಬಾರದು. ಪೇಪರ್ ಮಿಲ್ಲಿನ ನೌಕರರು, ಶಿಕ್ಷಕರಂಥ ತೆರಿಗೆ ಕಟ್ಟುವವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ, ವೈಕಲ್ಯ ಶೇ. 80 ಮತ್ತು ಮೇಲಿದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. ವಾಯವ್ಯ ಸಾರಿಗೆಯ ರಿಯಾಯಿತಿ ಪಾಸು ಮನೆಯಿಂದ 100 ಕಿ.ಮೀ. ಒಳಗೆ ಮಾತ್ರ. ಹಳಿಯಾಳದವರಿಗೆ ಧಾರವಾಡ ಅದರೊಳಗೆ ಬರುತ್ತದೆ. ಮುಂಡಗೋಡದವರಿಗೆ ತಮ್ಮದೇ ಜಿಲ್ಲಾ ಕೇಂದ್ರ ಬರುವುದಿಲ್ಲ!

ಶಾಲೆಯವರು 'ಈ ಮಗು ನಮ್ಮಲ್ಲಿ ಆಗುವುದಿಲ್ಲ' ಎನ್ನುವಂತಿಲ್ಲ. ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ಪಾಲಕರು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಂ ಕೊಟ್ಟ ಹಕ್ಕು. ಶಾಲೆಗೆ ಬರಲಾಗದಷ್ಟು ತೀವ್ರ ವೈಕಲ್ಯವಿದ್ದರೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣವಿದೆ. ಬಿಇಒ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಡಿ.

ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು. ಬಾಯಿಮಾತಿನ 'ಆಗೋದಿಲ್ಲ' ಕಾನೂನಿನ ಕಣ್ಣಿಗೆ ಉತ್ತರವೇ ಅಲ್ಲ. ಆ ಪತ್ರ ಇದ್ದರೆ ಅದೇ ಕಾಯ್ದೆಯ 59ನೇ ಕಲಂ ಅಡಿ ಮೇಲ್ಮನವಿ ಹಾಕಬಹುದು. ಮಗುವಿಗೆ 18 ತುಂಬುವ ಹೊತ್ತಿಗೆ ಇನ್ನೊಂದು ಕೆಲಸ ಕಾದಿರುತ್ತದೆ: ಅಂದಿನಿಂದ ಕಾನೂನಿನಲ್ಲಿ ತಂದೆತಾಯಿಯ ಸಹಜ ಪಾಲಕತ್ವ ಮುಗಿಯುತ್ತದೆ. ಮುಂದೆಯೂ ಪಾಲಕರು ಬೇಕಿದ್ದರೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ನೇಮಕ ಮಾಡಿಸಿಕೊಳ್ಳಬೇಕು.

ಈ ಯಾವ ಹಂತದಲ್ಲಾದರೂ ವಕೀಲರ ನೆರವು ಬೇಕಾದರೆ ದುಡ್ಡಿನ ಚಿಂತೆ ಬೇಡ. ಅಂಗವಿಕಲರಿಗೂ ಮಕ್ಕಳಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆದಾಯ ನೋಡದೆ ಉಚಿತ ನೆರವು ಕೊಡುತ್ತದೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.