ಹಾಸಿಗೆ ಹುಣ್ಣು: ಮುಲಾಮಿಗಿಂತ ಮಗ್ಗುಲು ಮೇಲು



ಕಾಯಿಲೆಯಿಂದ ಬಿದ್ದ ಎತ್ತನ್ನು ನೀವು ಒಂದೇ ಮಗ್ಗುಲಲ್ಲಿ ಬಿಡುವುದಿಲ್ಲ. ಕೆಳಗೆ ಹುಲ್ಲು ಹಾಸಿ, ನಾಲ್ಕು ಜನ ಸೇರಿ ಆಗಾಗ್ಗೆ ಹೊರಳಿಸುತ್ತೀರಿ. ಇಲ್ಲವಾದರೆ ಮೂಳೆಯ ಮೇಲೆ ಹುಣ್ಣಾಗುವುದೆಂದು ನಿಮಗೆ ಗೊತ್ತು. ಲಕ್ವ ಹೊಡೆದು ಅಥವಾ ಸೊಂಟ ಮುರಿದು ಮಲಗಿದ ಮನೆಯ ಹಿರಿಯರಿಗೂ ಇದೇ ಆರೈಕೆ ಬೇಕು.

ಹುಣ್ಣು ಏಕೆ ಆಗುತ್ತದೆ? ಮಲಗಿದವರ ಮೈಭಾರ ಮೂಳೆ ಉಬ್ಬಿದ ಕಡೆ ಬೀಳುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದಿಲ್ಲ. ಕಾಲುವೆ ಕಟ್ಟಿದರೆ ಪೈರು ಒಣಗುವಂತೆ ಆ ಮಾಂಸ ಸಾಯುತ್ತದೆ.

ಇಂಗ್ಲೆಂಡಿನಲ್ಲಿ ಡೊರೀನ್ ನಾರ್ಟನ್ ಎಂಬ ದಾದಿ ತಮ್ಮ ಜೊತೆಗಾರರೊಡನೆ ಆಸ್ಪತ್ರೆಯ ವೃದ್ಧರನ್ನು ಪರೀಕ್ಷಿಸಿ, 1962ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗ ಚರ್ಮಕ್ಕೆ ಬಗೆಬಗೆಯ ಲೇಪಗಳನ್ನು ತಿಕ್ಕುವ ರೂಢಿಯಿತ್ತು. ಹುಣ್ಣು ತಡೆಯಲು ಲೇಪಕ್ಕಿಂತ ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವುದೇ ಮುಖ್ಯವೆಂದು ಅವರು ಕಂಡುಕೊಂಡರು.

ಹುಣ್ಣಾಗುವ ಮೊದಲೇ ಅಪಾಯವನ್ನು ಅಳೆಯುವ ಲೆಕ್ಕವನ್ನೂ ಅವರು ಕೊಟ್ಟರು. ಮೈಯ ಸ್ಥಿತಿ, ಮನಸ್ಸಿನ ಎಚ್ಚರ, ನಡೆದಾಟ, ಕೈಕಾಲು ಆಡಿಸುವ ಶಕ್ತಿ, ಮಲಮೂತ್ರದ ಹಿಡಿತ, ಈ ಐದಕ್ಕೆ ತಲಾ 1ರಿಂದ 4 ಅಂಕ. ಎಲ್ಲವೂ ಚೆನ್ನಾಗಿದ್ದರೆ ಒಟ್ಟು 20. ಒಟ್ಟು 14 ಅಥವಾ ಕಡಿಮೆಯಾದರೆ ಎಚ್ಚರ ವಹಿಸಬೇಕು.

ಮನೆಯಲ್ಲಿ ಮಾಡಬೇಕಾದುದು:

1. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ರೋಗಿಯ ಸ್ಥಿತಿ ನೋಡಿ ದಾದಿಯರು ಬೇರೆ ಅವಧಿ ಹೇಳಿದರೆ ಹಾಗೆ ಮಾಡಿ. ಇದು ಮನೆಯ ಹೆಂಗಸರೊಬ್ಬರ ಕೆಲಸವಲ್ಲ. ಹೊಲಕ್ಕೆ ನೀರಿನ ಸರದಿ ಹಂಚಿಕೊಳ್ಳುವಂತೆ ರಾತ್ರಿಯ ಸರದಿಯನ್ನು ಗಂಡಸರೂ ಹಂಚಿಕೊಳ್ಳಬೇಕು.
2. ಹೊರಳಿಸುವಾಗ ಎಳೆಯಬೇಡಿ, ಇಬ್ಬರು ಸೇರಿ ಎತ್ತಿ. ಎಳೆದರೆ ಚರ್ಮ ತರಚುತ್ತದೆ.
3. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ.
4. ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಿ, ಮೈ ತೊಳೆದು ಮೆಲ್ಲಗೆ ಒರೆಸಿ.
5. ವೈದ್ಯರು ಬೇಡವೆನ್ನದಿದ್ದರೆ ಹಾಲು, ಬೇಳೆ, ಮೊಟ್ಟೆ ಕೊಡಿ.
6. ದಿನವೂ ಬೆನ್ನಿನ ಕೆಳಭಾಗ, ಸೊಂಟದ ಎರಡು ಪಕ್ಕ, ಹಿಮ್ಮಡಿ ನೋಡಿ. ಕೆಂಪಾದ ಜಾಗ ಬೆರಳಿನಿಂದ ಒತ್ತಿದರೂ ಬಿಳಿಚದಿದ್ದರೆ ಅದು ಹುಣ್ಣಿನ ಮೊದಲು. ಕಪ್ಪು ಮೈಯಲ್ಲಿ ಕೆಂಪು ಕಾಣದಿರಬಹುದು. ಆ ಜಾಗ ಬಿಸಿಯಾಗಿ, ಗಟ್ಟಿಯಾಗಿ ಅಥವಾ ಇನ್ನಷ್ಟು ಕಪ್ಪಾಗಿದೆಯೇ ನೋಡಿ. ಅಲ್ಲಿ ತಿಕ್ಕಬೇಡಿ, ಭಾರ ಬೀಳದಂತೆ ಮಲಗಿಸಿ.

ಚರ್ಮ ಒಡೆದರೆ ಬೂದಿ, ಸೊಪ್ಪಿನ ರಸ ಹಚ್ಚುತ್ತಾ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವು ಪಡೆಯಿರಿ. ಕೀವು ತುಂಬಿ ನಂಜು ರಕ್ತಕ್ಕೆ ಏರಿದರೆ ಪ್ರಾಣಕ್ಕೇ ಅಪಾಯ.

"ಮುದುಕರು ಮಲಗಿದ ಮೇಲೆ ಹುಣ್ಣು ತಪ್ಪೀತೆ? ಹಣೆಬರಹ" ಎನ್ನುವವರುಂಟು. ಬಹುಪಾಲು ಹುಣ್ಣುಗಳನ್ನು ತಡೆಯಬಹುದು. ಅದಕ್ಕೆ ಬೇಕಾದುದು ಹೊತ್ತಿಗೆ ಸರಿಯಾಗಿ ನೆರವಾಗುವ ಎರಡು ಜೊತೆ ಕೈ.

ಓದಿದ ಮೇಲೆ ಮನೆಮಂದಿಯೆಲ್ಲ ಚರ್ಚಿಸಿರಿ: ನಿಮ್ಮ ಮನೆಯಲ್ಲಿ ಮಲಗಿದವರಿದ್ದರೆ ಅವರ ಅಂಕ ಎಷ್ಟು? ಇಂದಿನ ರಾತ್ರಿಯ ಸರದಿ ಯಾರದು?