ಕೂಗಿದವನಿಗೆ ಸೊಪ್ಪು ಹಾಕಬೇಡ

ನೋಡು ಮಗ, ಮೊನ್ನೆ ಹಾಲಿನ ಸಂಘದ ಮಹಾಸಭೆಯಿಂದ ಅರ್ಧಕ್ಕೇ ಎದ್ದು ಬಂದೆಯಂತೆ, ನಿಮ್ಮಮ್ಮ ಹೇಳಿದಳು. ಪಶು ಆಹಾರದ ಖರ್ಚು ಕೇಳೋಕೆ ನೀನು ನಿಂತೆ. ಹಿಂದಿನ ಸಾಲಿಂದ ಒಬ್ಬ, "ಹಸು ಕಟ್ಟಿ ಮೂರು ತಿಂಗಳಾಗಿಲ್ಲ, ಲೆಕ್ಕ ಕೇಳೋಕೆ ಬಂದ" ಅಂದ. ಶಾಮಿಯಾನದ ತುಂಬ ನಗು. ಅದರ ಮೇಲೆ ಕಾರ್ಯದರ್ಶಿ, ಸದಸ್ಯನಾಗಿ ವರ್ಷ ತುಂಬೋವರೆಗೆ ನಿನಗೆ ಮತ ಇಲ್ಲ ಅಂದರು. ಎರಡನ್ನೂ ಒಂದೇ ಗಂಟು ಕಟ್ಟಿ ಅವಮಾನ ಅಂತ ಹೊತ್ತು ತಂದಿದ್ದೀಯ. ಬಿಚ್ಚಿ ನೋಡೋಣ.

ಮೊದಲು ಮತದ ಮಾತು. ನಮ್ಮ ಹಿರೇನಲ್ಲೂರು ಹೋಬಳಿಯಲ್ಲಿ ಮಳೆ ನಂಬಿ ರಾಗಿ ಬಿತ್ತೋರಿಗೆ ಹಾಲಿನ ಬಟವಾಡೆಯೇ ಕೈಗಾಸು. ಸಹಕಾರ ಸಂಘದಲ್ಲಿ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಹಾಗಾಗಿ ಗೆಲ್ಲಬೇಕಾದವನು ತಲೆ ಕೂಡಿಸ್ತಾನೆ. ಚುನಾವಣೆ ಹತ್ತಿರ ಬಂದಾಗ, ಹಸುವಿನ ಬಾಲ ಮುಟ್ಟದವರೂ ಯಾರದೋ ದುಡ್ಡಲ್ಲಿ ಷೇರು ಕಟ್ಟಿಸಿಕೊಂಡು ಟ್ರ್ಯಾಕ್ಟರ್‌ನಿಂದ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಿನಾ ಎರಡು ಹೊತ್ತು ಕ್ಯಾನ್ ಹೊತ್ತವರ ಮತ ಅವತ್ತು ನೀರಾಯಿತು. ವರ್ಷ ತುಂಬಲಿ ಅನ್ನೋದು ಇಂಥದ್ದನ್ನು ತಡೆಯೋಕೇ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಒಬ್ಬರನ್ನೊಬ್ಬರು ಬಲ್ಲ ರೈತರನ್ನು ನಂಬಿಯೇ. ನಿನ್ನನ್ನು ಊರು ಬಲ್ಲದು, ನಿಜ. ಬೆಂಗಳೂರಿಂದ ಮೊನ್ನೆ ಬಂದವನ ಹಾಲನ್ನು ಇನ್ನೂ ಬಲ್ಲದು ಅನ್ನೋಕಾಗಲ್ಲ. ಒಂದು ವರ್ಷ ಹೆಚ್ಚೇನಲ್ಲ ಬಿಡು. ನಮ್ಮಲ್ಲಿ ಹೊಸ ಅಳಿಯನನ್ನೂ ಅಷ್ಟು ದಿನ ಅಳೆದು ನೋಡ್ತಾರೆ.

ಇನ್ನು ಆ ಕೂಗಿದವನು. ನಿನ್ನ ವಯಸ್ಸಲ್ಲಿ ನಾನೂ ಒಂದು ಸಭೆಯಲ್ಲಿ ಹೀಗೇ ಸಿಕ್ಕಿಬಿದ್ದೆ. ಫ್ಯಾಟ್ ಕಡಿಮೆ ಬರೀತಿದ್ದಾರೆ ಅಂತ ಕೇಳೋಕೆ ಹೋದವನು ನಾನು. "ನಿಮ್ಮಪ್ಪ ಸಾಲ ತೀರಿಸಿದನಾ?" ಅಂತ ಒಬ್ಬ ಅಂದದ್ದೇ ತಡ, ಅವರಪ್ಪನ ಪುರಾಣ ಬಿಚ್ಚಿದೆ. ಹೆಗಲ ಟವೆಲು ಸೊಂಟಕ್ಕೆ ಬಂತು, ಕುರ್ಚಿಗಳು ಉರುಳಿದವು. ಆಮೇಲೆ ನಡಾವಳಿ ಪುಸ್ತಕ ತೆಗೆಸಿ ನೋಡಿದರೆ ಒಂದೇ ಸಾಲು: ಗದ್ದಲವಾದ್ದರಿಂದ ಸಭೆ ಮುಕ್ತಾಯ. ಫ್ಯಾಟಿನ ಸುದ್ದಿಯೇ ಇಲ್ಲ! ಅವನಿಗೆ ಬೇಕಾಗಿದ್ದದ್ದೂ ಅದೇ ಅಂತ ನನಗೆ ಹೊಳೆಯೋಕೆ ಮೂರು ವರ್ಷ ಹಿಡೀತು.

ಹಾಗಾಗಿ ಮುಂದಿನ ಸಲ ಹಿಂದೆ ತಿರುಗಲೇಬೇಡ. ಅಧ್ಯಕ್ಷರ ಕಡೆ ಮುಖ ಮಾಡಿ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಂದು ಸಲ ಕೇಳು. ಅದಕ್ಕೂ ಮುಂಚೆ ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೋ. ಬರವಣಿಗೆಗೆ ಯಾರೂ ಶಿಳ್ಳೆ ಹೊಡೆಯೋಕಾಗಲ್ಲ.

ಒಂದು ಮಾತ್ರ ಮರೀಬೇಡ. ಕೂಗೋರೆಲ್ಲ ಕಿಡಿಗೇಡಿಗಳಲ್ಲ. ಎಡಗಡೆ ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ ನೆನಪಿದೆಯಾ? ಲ್ಯಾಕ್ಟೋಮೀಟರಲ್ಲಿ ಡಿಗ್ರಿ ಬರಲಿಲ್ಲ ಅಂತ ಹಾಲು ವಾಪಸ್ ಕಳಿಸಿದರು ಅಂತ ಪ್ರತಿ ವರ್ಷ ಕೂಗ್ತಾಳೆ. ಪ್ರತಿ ವರ್ಷ ಜನ ನಗ್ತಾರೆ. ನೀನೂ ನಕ್ಕೆಯಂತೆ. ಅವಳ ಪಾಸ್‌ಬುಕ್ ಇಸಕೊಂಡು ಒಂದು ತಿಂಗಳ ಲೆಕ್ಕ ಕೂಡಿಸಿ ನೋಡು. ಮತ ಇಲ್ಲದವನೂ ಮಾಡಬಹುದಾದ ಕೆಲಸ ಅದು. ಬೆಳಿಗ್ಗೆ ಸ್ವಲ್ಪ ಬೇಗ ಡೇರಿಗೆ ಹೋಗಿ, ಸ್ಯಾಂಪಲ್ ತೆಗೆಯೋದು, ಲ್ಯಾಕ್ಟೋಮೀಟರ್ ಬಿಡೋದು ನೋಡ್ತಾ ನಿಲ್ಲು.

ನಾಳೆ ಆ ಕೂಗಿದವನೂ ಹಾಲು ಹಾಕೋ ಸಾಲಲ್ಲಿ ಇರ್ತಾನೆ. ನೀನೇ ಮೊದಲು ಮಾತಾಡಿಸು, ಅವನ ಹಸು ಈಗ ಎಷ್ಟು ಲೀಟರ್ ಕೊಡ್ತಿದೆ ಅಂತ ಕೇಳು. ಕ್ಯಾನ್ ತೊಳೆದು ಬೋರಲು ಹಾಕಿದ್ದೇನೆ. ಐದೂವರೆಗೆ ಏಳು.